ಅಸ್ಸೀರಿಯನ್ನರ ಹುಡುಗರು ಸಮುದಾಯಕ್ಕೆ ಅಂತ ಏನ್ ಮಾಡ್ತಾರೆ? ಪಕ್ಕದ ಮನೇಲಿ ಕಂಡಿದ್ದು

"ಅಸ್ಸೀರಿಯನ್ನರು ಇನ್ನೂ ಇದಾರಾ, ಇದ್ರೆ ಹೊರದೇಶದಲ್ಲಿ ಹುಟ್ಟಿದ ಅವರ ಮಕ್ಕಳು ಸಮುದಾಯಕ್ಕೆ ಏನಾದ್ರೂ ಮಾಡ್ತಾರಾ ಇಲ್ಲ ಬರೀ ಹಳೇ ಸಾಮ್ರಾಜ್ಯದ ಜಂಬಾನಾ" ಅಂತ ಕೇಳಿದೀರ. ಇದಾರೆ ಸ್ವಾಮಿ, ಟರ್ಕಿ, ಸಿರಿಯಾ, ಇರಾಕ್ ಕಡೆಯ ಹಳೇ ಕ್ರೈಸ್ತ ಸಮುದಾಯ ಅದು, ನಮ್ಮ ಪಕ್ಕದ ಮನೇಲೇ ಇದಾರೆ. ನಾನಿರೋದು ಸ್ವೀಡನ್ನಿನ ಸೋದರ್ತೆಲ್ಯೆ ಊರಲ್ಲಿ, ಸ್ಕಾನಿಯಾ ಲಾರಿ ಕಂಪನಿ ಊರು ಅಂದ್ರೆ ಬೆಂಗಳೂರಿನ ಎಂಜಿನಿಯರುಗಳಿಗೆ ಗೊತ್ತಾಗತ್ತೆ. 1967ರಲ್ಲಿ ಲೆಬನಾನಿಂದ ಯಾವ ದೇಶದ ಪೌರತ್ವಾನೂ ಇಲ್ಲದ ಸುಮಾರು 200 ಜನಾನ ಸ್ವೀಡನ್ ಕರೆಸ್ಕೊಳ್ತು, ಆಮೇಲೆ ಟರ್ಕಿಯ ತೂರ್ ಅಬ್ದಿನ್ ಕಡೆಯಿಂದ, ಸಿರಿಯಾ ಇರಾಕಿಂದ ಒಬ್ಬರ ಹಿಂದೊಬ್ಬರು ಬಂದು ಈಗ ಪೇಟೇಲಿ ಎಲ್ಲಿ ನಿಂತ್ರೂ ಅವರ ಸುರಾಯ್ತ್ ಭಾಷೆ ಕಿವಿಗೆ ಬೀಳತ್ತೆ.

ಹುಡುಗರಿಗೆ ಹಿರಿಯರ ಸಂಘ ಬಿಟ್ಟು ತಮ್ಮದೇ ಯುವ ಒಕ್ಕೂಟ ಇದೆ. ಇಲ್ಲಿ ಸರ್ಕಾರ ಯುವ ಸಂಘಟನೆಗೆ ದುಡ್ಡು ಕೊಡ್ಬೇಕಂದ್ರೆ ಸದಸ್ಯರಲ್ಲಿ ನೂರಕ್ಕೆ 60 ಜನ ಆದ್ರೂ 6ರಿಂದ 25 ವಯಸ್ಸಿನವರೇ ಇರ್ಬೇಕು, ಹಾಗಾಗಿ ಅಂಕಲ್‌ಗಳು ನುಗ್ಗೋದು ಕಷ್ಟ.

ಪಕ್ಕದ ಮನೆ ಹುಡುಗಿ, 19 ವರ್ಷ, ಒಂದು ಸ್ಥಳೀಯ ಘಟಕದ ಖಜಾಂಚಿ. ಅವಳ ಕಾಫಿ ಫ್ಲಾಸ್ಕ್ ಹೊರೋಕೆ ಅಂತ ಹೋಗಿ ಅವರ ವಾರ್ಷಿಕ ಸಭೇಲಿ ಸಿಕ್ಕಾಕ್ಕೊಂಡೆ. ಸಭೆಗೆ ಅಧ್ಯಕ್ಷ ಯಾರು, ನಡಾವಳಿ ಸರಿ ಇದ್ಯಾ ಅಂತ ನೋಡೋ ಇಬ್ಬರು ಯಾರು ಅಂತ ಆರಿಸೋದ್ರಲ್ಲೇ ಅರ್ಧ ಗಂಟೆ, ನಿದ್ದೆ ಬರೋ ಹಾಗಿತ್ತು. ಆಮೇಲೆ ಹದಿನಾರರ ಪೋರನೊಬ್ಬ ಎದ್ದು ಟ್ರಿಪ್ಪಿನ ಬಸ್ಸಿನ ರಸೀದಿ ಎಲ್ಲಿ ಅಂದ, ಇವಳು ಕಿವಿವರೆಗೂ ಕೆಂಪಾಗಿ ಮೊಬೈಲು ತಡಕಾಡಿ ಕೊನೆಗೂ ಫೋಟೊ ತೋರಿಸಿದ್ಲು. ಹಿಂದಿನ ಸಾಲಿಂದ ಯಾರೋ ಹಿರಿಯರು "ಬಿಡ್ರಪ್ಪ, ಆ ದುಡ್ಡು ನಾನೇ ಕೊಡ್ತೀನಿ" ಅನ್ನೋ ಧಾಟೀಲಿ ಏನೋ ಹೇಳೋಕೆ ಹೋದ್ರೆ, ಮೀಸೆ ಚಿಗುರ್ತಿದ್ದ ಅಧ್ಯಕ್ಷ "ನೀವು ಸದಸ್ಯರಲ್ಲ, ಮಾತಾಡೋಕೆ ಮೊದ್ಲು ಅನುಮತಿ ಕೇಳಿ" ಅಂದುಬಿಟ್ಟ! ನಾನಂತೂ ಫ್ಲಾಸ್ಕ್ ಹಿಡ್ಕೊಂಡು ಹಾಗೇ ನಿಂತೆ. ನನ್ನ ಪ್ರಕಾರ ಲೀಡರ್‌ಶಿಪ್ ಕಲಿಯೋದು ಅಲ್ಲೇ, ಏಪ್ರಿಲ್ 1ರ ಅವರ ಹೊಸವರ್ಷದ ಸ್ಟೇಜಲ್ಲಿ ಬಾವುಟ ಬೀಸೋದ್ರಲ್ಲಿ ಅಲ್ಲ. (ನಮ್ಮ ಕನ್ನಡ ಸಂಘಗಳ ಲೆಕ್ಕಪತ್ರದ ಬಗ್ಗೆ ಈಗ ಬೇಡ ಬಿಡಿ.)

ಎಲ್ಲಾ ಚೆನ್ನಾಗಿದೆ ಅಂತಾನೂ ಅಲ್ಲ. ಅಸ್ಸೀರಿಯನ್ ಅನ್ಬೇಕಾ ಸಿರಿಯಾಕ್ ಅನ್ಬೇಕಾ ಅಂತ ಹೆಸರಿನ ಜಗಳ ಇವರಿಗೆ ಅಪ್ಪಂದಿರ ಕಾಲದಿಂದ ಬಳುವಳಿ, ಅದಕ್ಕೇ ಇದೊಂದೇ ಊರಲ್ಲಿ ಎರಡು ಫುಟ್ಬಾಲ್ ಕ್ಲಬ್ಬು, 1974ರ ಅಸ್ಸೀರಿಸ್ಕಾ, 1977ರ ಸೀರಿಯಾನ್ಸ್ಕಾ, ಎರಡೂ ಒಂದೊಂದು ಕಾಲಕ್ಕೆ ಸ್ವೀಡನ್ನಿನ ಮೇಲಿನ ಲೀಗಲ್ಲಿ ಆಡಿವೆ. ಮನೇಲಿ ಆಡೋ ಮಾತು ಒಂದೇ, ತಿನ್ನೋ ಊಟ ಒಂದೇ. ಹುಡುಗರಿಗೆ ಈ ಜಗಳ ಸಾಕಾಗಿದೆ, ಆದ್ರೂ ಮದುವೆ ಮಾತು ಬಂದಾಗ ಮತ್ತೆ ಏಳತ್ತೆ. ಎಲ್ಲರೂ ಒಂದಾಗೋದು 1915ರಲ್ಲಿ ಒಟ್ಟೋಮನ್ ಟರ್ಕಿಯಲ್ಲಿ ಇವರ ಜನರ ಮೇಲೆ ನಡೆದ ನರಮೇಧದ ವಿಷಯಕ್ಕೆ, ಅದನ್ನ ಸೈಫೋ ಅಂತಾರೆ, ಕತ್ತಿ ಅಂತ ಅರ್ಥ. 2010ರ ಮಾರ್ಚ್ 11ಕ್ಕೆ ಸ್ವೀಡನ್ ಸಂಸತ್ತು ಅದನ್ನ ನರಮೇಧ ಅಂತ ಒಪ್ಕೊಂಡಿದ್ದು 131ಕ್ಕೆ 130, ಬರೀ ಒಂದು ಓಟಲ್ಲಿ. ಎಂಪಿಗೆ ಒಂದು ಮೇಲ್ ಹಾಕಿ ಏನು ಉಪಯೋಗ ಅಂದ್ರೆ ಆ ಹುಡುಗಿ ಈ ಲೆಕ್ಕಾನೇ ಹೇಳ್ತಾಳೆ.

ಅವಳೂ ವಾಟ್ಸಾಪಲ್ಲಿ ಅವರ ಭಾಷೇನ ಇಂಗ್ಲಿಷ್ ಅಕ್ಷರದಲ್ಲೇ ಕುಟ್ಟೋದು, ಥೇಟ್ ನಮ್ಮ ಹಾಗೆ. ಆದ್ರೆ ಶನಿವಾರ ಚಿಕ್ಕ ಮಕ್ಕಳನ್ನ ಕೂರಿಸ್ಕೊಂಡು ಬಲದಿಂದ ಎಡಕ್ಕೆ ಅವರ ಲಿಪಿಯ ಓಲಫ್, ಬೇತ್, ಗೋಮಲ್ ಅಕ್ಷರ ತಿದ್ದಿಸ್ತಾಳೆ. ನನ್ನ ಮಗ ಅವಳ ಮನೆಗೆ ಹೋದ್ರೆ "ಶ್ಲೋಮೋ" ಅಂತಾನೇ ಒಳಗೆ ಹೋಗ್ತಾನೆ, ಅವರಲ್ಲಿ ನಮಸ್ಕಾರಕ್ಕೆ ಹಾಗಂತಾರೆ. ಊರಿಂದ ಅಜ್ಜಿ ವಿಡಿಯೋ ಕಾಲ್ ಮಾಡಿದ್ರೆ ಮಾತ್ರ "ಹಾಯ್".