ಕೆಲಸಗಳನ್ನು ನೆನಪಿಡೋಕೆ ಯಾವ ಆ್ಯಪ್ ಒಳ್ಳೆಯದು? ನಾಲ್ಕು ಹಾಕಿ ನಾಲ್ಕನ್ನೂ ಬಿಟ್ಟಿದ್ದೇನೆ

ಕರೆಂಟ್ ಬಿಲ್, ಗಾಡಿ ಇನ್ಶೂರೆನ್ಸ್, ಅಮ್ಮನ ಬಿಪಿ ಮಾತ್ರೆ, ಎಲ್ಲಾ ಕೊನೇ ಗಳಿಗೆಯಲ್ಲೇ ನೆನಪಾಗುತ್ತದೆ, ಐದನೇ ಆ್ಯಪ್ ಯಾವುದು ಹಾಕಲಿ ಅಂತ ಕೇಳಿದ್ದೀರಿ. ಐದನೆಯದು ಬೇಡ. ನನ್ನ ಹತ್ತಿರ ಆರು ಇದ್ದವು. ಆರೂ ಇದ್ದ ವರ್ಷವೇ ನಮ್ಮ ತೋಟದ ಅಡಿಕೆಯಲ್ಲಿ ಮೂರನೇ ಒಂದು ಪಾಲು ನೆಲಕ್ಕೆ ಬಿತ್ತು.

ನಮ್ಮೂರು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಒಂದೂವರೆ ಎಕರೆ ತೋಟ, ಎಂಟುನೂರು ಚಿಲ್ಲರೆ ಮರ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೆ. 2020ರಲ್ಲಿ ಮನೆಯಿಂದಲೇ ಕೆಲಸ ಮಾಡಿ ಅಂದ ಕೂಡಲೇ ರೂಮು ಖಾಲಿ ಮಾಡಿ ಊರಿಗೆ ಬಂದೆ. ಮೊದಲ ಮಳೆಗಾಲ ಸುಮ್ನೆ ನೋಡಿದೆ. ಎರಡನೇ ವರ್ಷ ಅಪ್ಪಯ್ಯನ ಕಣ್ಣಿಗೆ ಪೊರೆ ಬಂದಿತ್ತು, ತೋಟದ ಉಸ್ತುವಾರಿ ನಾನೇ ನೋಡಿಕೊಳ್ಳುತ್ತೇನೆ ಅಂದೆ. ಹಗಲೆಲ್ಲ ಸಾಫ್ಟ್‌ವೇರ್ ದೋಷಗಳ ನೂರಾರು ದೂರು ನಿಭಾಯಿಸುವವನಿಗೆ ಎಂಟುನೂರು ಮರ ಯಾವ ಲೆಕ್ಕ ಅನ್ನೋ ಸೊಕ್ಕು.

ಹಾಗಾಗಿ ಟ್ರೆಲ್ಲೊ ಅನ್ನೋ ಕೆಲಸದ ಪಟ್ಟಿಯ ಆ್ಯಪ್‌ನಲ್ಲಿ ‘ತೋಟ’ ಅಂತ ಒಂದು ಬೋರ್ಡ್ ಮಾಡಿದೆ. ಮಾಡಬೇಕಾದ್ದು, ಮಾಡುತ್ತಿರೋದು, ಮುಗಿದದ್ದು ಅಂತ ಮೂರು ಸಾಲು. ಗೊಬ್ಬರಕ್ಕೆ ಹಸಿರು ಬಣ್ಣ, ಮದ್ದಿಗೆ ನೀಲಿ. ಗೂಗಲ್ ಕೀಪ್‌ನಲ್ಲಿ ಚೀಟಿ, ಗೂಗಲ್ ಟಾಸ್ಕ್ಸ್‌ನಲ್ಲಿ ಪಟ್ಟಿ, ಆಫೀಸಿನದಕ್ಕೆ ಮೈಕ್ರೋಸಾಫ್ಟ್ ಟು ಡು, ಫೋನಿನ ಕ್ಯಾಲೆಂಡರ್, ಇದೆಲ್ಲ ಸಾಲದು ಅಂತ ನಾನೊಬ್ಬನೇ ಇರುವ ಒಂದು ವಾಟ್ಸ್ಆ್ಯಪ್ ಗ್ರೂಪ್. ನಗಬೇಡಿ, ನಿಮ್ಮ ಫೋನಲ್ಲೂ ಅಂಥದ್ದೊಂದು ಇದ್ದೇ ಇರುತ್ತದೆ.

ಅಡಿಕೆ ಗೊತ್ತಿಲ್ಲದವರಿಗೆ ಎರಡು ಮಾತು. ಮಳೆಗಾಲದಲ್ಲಿ ಕಾಯಿಗೆ ಕೊಳೆ ರೋಗ ಬರುತ್ತದೆ. ಬಿಡದೆ ಮಳೆ, ಹವೆಯಲ್ಲಿ ತಂಡಿ, ನಡುನಡುವೆ ಚೂರು ಬಿಸಿಲು ಸಿಕ್ಕಿತೋ, ಫೈಟಾಫ್ತೊರಾ ಅನ್ನೋ ಸೂಕ್ಷ್ಮಜೀವಿಗೆ ಹಬ್ಬ. ತಡೆಯೋಕೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), ಒಂದು ಕೆಜಿ ಸುಣ್ಣ. ಪಾಕ ಸರಿ ಬಂತೋ ಇಲ್ಲವೋ ನೋಡೋಕೆ ಕತ್ತಿಯ ತುದಿ ಅದ್ದಿ ತೆಗೆಯುತ್ತೇವೆ. ಕಬ್ಬಿಣದ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಕಡಿಮೆ ಅಂತ ಅರ್ಥ, ಇನ್ನಷ್ಟು ಸುಣ್ಣದ ತಿಳಿ ಸುರಿಯಬೇಕು. ಮಳೆ ಹಿಡಿಯುವ ಮೊದಲು ಒಂದು ಸಲ, ಆಮೇಲೆ 40-45 ದಿನಕ್ಕೆ ಇನ್ನೊಂದು ಸಲ. ಇದು ಕೊಳೆ ಬರದಂತೆ ತಡೆಯುವ ಮದ್ದು. ಕೊಳೆತ ಕಾಯಿಯನ್ನು ಇದು ವಾಪಸ್ ತರುವುದಿಲ್ಲ.

2021ರ ಜೂನ್ 3ಕ್ಕೆ ಮೊದಲ ಮದ್ದು ಮುಗಿಯಿತು. ಅವತ್ತೇ ಸಂಜೆ ಜಗುಲಿಯಲ್ಲಿ ಕೂತು ಲೆಕ್ಕ ಹಾಕಿದೆ. 45 ದಿನ ಅಂದರೆ ಜುಲೈ 18, ಭಾನುವಾರ, ಆಫೀಸೂ ಇಲ್ಲ. ಕ್ಯಾಲೆಂಡರ್ ತೆಗೆದು ಬೆಳಿಗ್ಗೆ ಏಳು ಗಂಟೆಗೆ ‘ಎರಡನೇ ಮದ್ದು’ ಅಂತ ಹಾಕಿದೆ. ಅಪ್ಪಯ್ಯ ಎರಡು ಸಲ ಕೇಳಿದ್ದ. "ನೀ ತಲೆ ಕೆಡಿಸ್ಕೋಬೇಡ, ಮೊಬೈಲಲ್ಲಿ ಹಾಕಿದ್ದೇನೆ" ಅಂದೆ. ಅವನು ಕಣ್ಣಿನ ಆಪರೇಶನ್‌ಗೆ ಅಂತ ಶಿವಮೊಗ್ಗಕ್ಕೆ, ಅಕ್ಕನ ಮನೆಗೆ ಹೋದ.

ಜುಲೈ 18ಕ್ಕೆ ಏಳು ಗಂಟೆಗೆ ಸರಿಯಾಗಿ ಫೋನು ಬಡಿಯಿತು. ಒಂದು ನಿಮಿಷ ಹಿಂದೆ ಮುಂದೆ ಇಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಕಥೆ ಕೇಳಿದವರೆಲ್ಲ "ಅಯ್ಯೋ, ಅಲಾರಂ ಆಗಲಿಲ್ವಾ?" ಅಂತಲೇ ಕೇಳುತ್ತಾರೆ. ಆಯಿತು. ನಾನೂ ಎದ್ದೆ. ಚಾ ಕುಡಿದು ಕೊನೆಗೌಡರಿಗೆ ಫೋನ್ ಮಾಡಿದೆ. ಮರ ಹತ್ತಿ ಕೊನೆ, ಅಂದರೆ ಅಡಿಕೆ ಗೊನೆ, ತೆಗೆಯುವವರು, ಮದ್ದು ಹೊಡೆಯುವವರು ಅವರೇ. ಹೊರಗೆ ಒಂದೇ ಸಮನೆ ಮಳೆ.

"ಭಟ್ರೇ, ಈಗ ಹೇಳಿದ್ರೆ ಹೆಂಗೆ? ಎಲ್ಲಾರೂ ಹದಿನೈದು ದಿನದ ಹಿಂದೇನೇ ಹೇಳಿಟ್ಟಾರೆ. ಮಳೆ ಬಿಟ್ಟು ಹೊಳವಾದಂಗೆ ಒಂದೊಂದೇ ತೋಟ ಮುಗಿಸ್ತಾ ಇದೀನಿ. ನಿಮ್ದು ಅದಾದ್ಮೇಲೇ."

ಮೈಲುತುತ್ತವನ್ನೂ ತಂದಿರಲಿಲ್ಲ. ಅಂಗಡಿಗೆ ಹೋದರೆ ಇದ್ದದ್ದು ಖಾಲಿ, ಬರೋದು ಮುಂದಿನ ವಾರ. ಮೋಟರಿನ ಪೈಪು ಎರಡು ಕಡೆ ಇಲಿ ಕಡಿದಿತ್ತು, ಅದು ಗೊತ್ತಾಗಿದ್ದೂ ಅವತ್ತೇ.

ಆಮೇಲೆ ಜುಲೈ 22-23ರ ಮಳೆ ಬಂತು. ಉತ್ತರ ಕನ್ನಡದಲ್ಲಿ ಹೊಳೆಗಳು ಮನೆಗೆ ನುಗ್ಗಿದ ಆ ಮಳೆ ನಿಮಗೂ ನೆನಪಿರಬಹುದು. ನಮ್ಮ ಕಡೆಯೂ ನಾಲ್ಕು ದಿನ ಕರೆಂಟಿಲ್ಲ, ನೆಟ್‌ವರ್ಕಿಲ್ಲ. ಅಂತೂ ಎರಡನೇ ಮದ್ದು ಆದದ್ದು ಆಗಸ್ಟ್ 6ಕ್ಕೆ. ಮೊದಲ ಮದ್ದಿನಿಂದ 64ನೇ ದಿನ. ಅಷ್ಟರಲ್ಲಿ ಬೆಳಿಗ್ಗೆ ತೋಟಕ್ಕೆ ಇಳಿದರೆ ಕಾಲಡಿಗೆ ಹಸಿರು ಕಾಯಿ ಸಿಗುತ್ತಿತ್ತು. ಎತ್ತಿ ನೋಡಿದರೆ ತೊಟ್ಟಿನ ಹತ್ತಿರ ನೀರು ಕುಡಿದ ಹಾಗೆ ಕಪ್ಪು ಹಸಿರು ಮಚ್ಚೆ. ಮೊದಲು ಬೊಗಸೆ, ಆಮೇಲೆ ಬುಟ್ಟಿ, ಆಮೇಲೆ ಚೀಲ. ಹನ್ನೆರಡು ಕ್ವಿಂಟಲ್ ಆಗುವ ತೋಟದಲ್ಲಿ ಆ ವರ್ಷ ಎಂಟು ಆಯಿತು. ಅದೇ ವರ್ಷ ರಾಶಿ ಅನ್ನೋ ದರ್ಜೆಯ ಅಡಿಕೆ ಕ್ವಿಂಟಲ್ಲಿಗೆ 50,000 ರೂಪಾಯಿ ದಾಟಿದ್ದು. ಲೆಕ್ಕ ನೀವೇ ಹಾಕಿ, ನಾನು ಸಾಕಷ್ಟು ಸಲ ಹಾಕಿದ್ದೇನೆ.

ನನ್ನ ತಪ್ಪು ಎಲ್ಲಿತ್ತು ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ. ಮರೆತಿರಲಿಲ್ಲ. ತಾರೀಕೂ ತಪ್ಪಿರಲಿಲ್ಲ. ಆದರೆ ನಾನು ಹಾಕಿದ್ದು ಕೆಲಸ ಮುಗಿಯಬೇಕಾದ ದಿನವನ್ನು. ಕೆಲಸ ಶುರುವಾಗಬೇಕಾದ ದಿನಕ್ಕೆ ಏನೂ ಇರಲಿಲ್ಲ. ‘ಎರಡನೇ ಮದ್ದು’ ಅನ್ನೋದು ಒಂದು ಕೆಲಸವೇ ಅಲ್ಲ. ಅದರ ಹೊಟ್ಟೆಯಲ್ಲಿ ಐದು ಕೆಲಸ ಇವೆ: ಗೌಡರಿಗೆ ಹೇಳೋದು, ತುತ್ತ ತರೋದು, ಸುಣ್ಣ ನೋಡೋದು, ಪೈಪು ಮೋಟರು ಒಂದು ಸಲ ಓಡಿಸಿ ನೋಡೋದು, ಮಳೆ ಹೊಳವು ಕಾಯೋದು. ಕೊನೆಯದು ನಮ್ಮ ಕೈಯಲ್ಲಿಲ್ಲ, ಆದ್ದರಿಂದಲೇ ಮೊದಲಿನ ನಾಲ್ಕು ಮುಗಿದು ಕೂತಿರಬೇಕು. ಫೋನು ಬಡಿಯುವಾಗ ನನ್ನಿಂದ ಮಾಡಲು ಆಗುವಂಥದ್ದು ಏನೂ ಉಳಿದಿರಲಿಲ್ಲ. ಅದು ನೆನಪು ಮಾಡಲಿಲ್ಲ, ತಡವಾಯಿತು ಅಂತ ಸುದ್ದಿ ಹೇಳಿತು.

ಇನ್ನೂ ಒಂದಿದೆ, ಅದು ಹೇಳೋಕೆ ನಾಚಿಕೆ. ಜುಲೈ ಮೊದಲ ವಾರ ದೇವಸ್ಥಾನದ ಹತ್ತಿರ ಗೌಡರು ಎದುರಿಗೇ ಸಿಕ್ಕಿದ್ದರು. ಮಾತಾಡಿದ್ದೇವೆ ಕೂಡ. ಮದ್ದಿನ ವಿಷಯ ನನ್ನ ಬಾಯಿಗೇ ಬರಲಿಲ್ಲ. ಮೊಬೈಲಲ್ಲಿ ಹಾಕಿದ್ದೇನೆ ಅಂದಮೇಲೆ ಅದು ನನ್ನ ತಲೆಯಿಂದ ಇಳಿದುಹೋಗಿತ್ತು. ಅಪ್ಪಯ್ಯನ ತಲೆಯಿಂದಲೂ ಇಳಿಸಿದ್ದೆ.

ಕಣ್ಣಿನ ಪಟ್ಟಿ ಬಿಚ್ಚಿ ವಾಪಸ್ ಬಂದ ಅಪ್ಪಯ್ಯ ಬೈಯಲಿಲ್ಲ. ತೋಟ ಸುತ್ತಿ ಬಂದು ಕಾಲು ತೊಳೆದು, "ಗೌಡಗೆ ಯಾವಾಗ ಹೇಳಿದ್ದೆ ಮಾಣಿ?" ಅಂದ. ನಾನು ಸುಮ್ಮನಿದ್ದೆ. ನಮ್ಮ ಅಡುಗೆಮನೆ ಬಾಗಿಲ ಹಿಂದೆ ಒಂದು ಮೊಳೆ ಇದೆ. ಹಳೇ ಕ್ಯಾಲೆಂಡರುಗಳನ್ನೆಲ್ಲ ಅಪ್ಪಯ್ಯ ಅದಕ್ಕೇ ನೇತುಹಾಕುತ್ತಾನೆ, ಒಂದರ ಮೇಲೊಂದು. ಆ ರಾತ್ರಿ ಎಲ್ಲಾ ಇಳಿಸಿ ಜುಲೈ ಪುಟ ತೆಗೆದು ನೋಡಿದೆ. ಒಂದು ವರ್ಷದ್ದರಲ್ಲಿ ಜುಲೈ 2ರ ಚೌಕದಲ್ಲಿ ಪೆನ್ಸಿಲ್ಲಲ್ಲಿ ‘ಗೌಡ’. ಇನ್ನೊಂದರಲ್ಲಿ ‘ಪುನರ್ವಸು ಹುಟ್ಟುವ ಮೊದಲು ಗೌಡಗೆ ಹೇಳುವುದು’. ಪುನರ್ವಸು ಮಳೆ ಹುಟ್ಟೋದು ಜುಲೈ 5-6ರ ಹೊತ್ತಿಗೆ. ಮತ್ತೊಂದರಲ್ಲಿ ‘ತುತ್ತ 12 ಕೆಜಿ’, ಪಕ್ಕದಲ್ಲಿ ಸರಿ ಗುರುತು. ಎಂಟು ವರ್ಷದ ಕ್ಯಾಲೆಂಡರು ಇದ್ದವು. ಮದ್ದು ಹೊಡೆಯುವ ದಿನವನ್ನು ಮೊದಲೇ ಬರೆದದ್ದು ಒಂದರಲ್ಲೂ ಇಲ್ಲ. ಹೊಡೆದ ಮೇಲೆ ‘ಆಯಿತು’ ಅಂತ ಬರೆದಿದ್ದಾನೆ, ಅಷ್ಟೇ.

ನೀವು ಯಾವ ಆ್ಯಪ್ ಅಂತ ಕೇಳಿದಾಗ ನನಗೆ ಸಿಟ್ಟು ಬರೋದು ಇದಕ್ಕೇ. ನಿಮ್ಮ ಮೇಲಲ್ಲ. ಎಲ್ಲರೂ ಇದನ್ನೇ ಕೇಳುತ್ತಾರೆ, ಎಲ್ಲರೂ ಪಟ್ಟಿ ಕೊಡುತ್ತಾರೆ, ಅದರ ಫೀಚರ್ ಇದು, ಇದರ ಫೀಚರ್ ಅದು ಅಂತ. ನನ್ನ ಆರರಲ್ಲಿ ಒಂದರದ್ದೂ ತಪ್ಪಿಲ್ಲ. ತಾರೀಕು ಹಾಕಿದವನದ್ದು ತಪ್ಪು.

ಈಗ ನನ್ನ ಬಳಿ ಇರೋದು ಫೋನಿನ ಕ್ಯಾಲೆಂಡರ್ ಒಂದೇ. ಯಾವ ಕಂಪನಿಯದಾದರೂ ಆದೀತು, ಫೋನಿನ ಜೊತೆ ಬಂದದ್ದೇ ಸಾಕು. ನಾನು ಗೂಗಲ್‌ದು ಇಟ್ಟುಕೊಂಡಿದ್ದೇನೆ. ಒಂದೇ ಕೆಲಸಕ್ಕೆ ಎರಡು ವಾರ ಮೊದಲು, ಮೂರು ದಿನ ಮೊದಲು ಅಂತ ಬೇರೆ ಬೇರೆ ನೋಟಿಫಿಕೇಶನ್ ಇಡಬಹುದು, ಪ್ರತಿ ವರ್ಷ ತಾನಾಗಿ ಬರುವಂತೆ ಮಾಡಬಹುದು, ಅಕ್ಕನ ಜೊತೆಗೂ ಹಂಚಿಕೊಳ್ಳಬಹುದು. ಒಮ್ಮೆ ಫೋನಿಗೆ ಇಳಿದಮೇಲೆ ನೆಟ್‌ವರ್ಕ್ ಇಲ್ಲದಿದ್ದರೂ ಬಡಿಯುತ್ತದೆ. ಮಲೆನಾಡಿನ ಜುಲೈಗೆ ಇದು ಸಣ್ಣ ವಿಷಯ ಅಲ್ಲ. ಫೋನಿನ ಬ್ಯಾಟರಿ ಉಳಿಸುವ ಸೆಟ್ಟಿಂಗ್‌ನಿಂದ ಕ್ಯಾಲೆಂಡರನ್ನು ಹೊರಗಿಡಿ. ಇಲ್ಲದಿದ್ದರೆ ಕೆಲವು ಫೋನುಗಳು ಅದನ್ನು ನಮಗೆ ಗೊತ್ತಾಗದ ಹಾಗೆ ಮಲಗಿಸಿಬಿಡುತ್ತವೆ.

ಬಣ್ಣ, ಆದ್ಯತೆ, ಲೇಬಲ್ ಏನೂ ಇಲ್ಲ. ಏನು ಬರೆಯುತ್ತೇನೆ ಅನ್ನೋದಕ್ಕೆ ಮಾತ್ರ ತಲೆ ಕೆಡಿಸಿಕೊಳ್ಳುತ್ತೇನೆ. ‘ಇನ್ಶೂರೆನ್ಸ್’ ಅಂತ ಬರೆದರೆ ನಾನು ಬೆರಳಲ್ಲಿ ಆಚೆ ತಳ್ಳುತ್ತೇನೆ, ರಾತ್ರಿ ನೋಡೋಣ ಅಂತ. ‘ಗೌಡರಿಗೆ ಫೋನ್ ಮಾಡು’ ಅಂತ ಬರೆದು ಕೆಳಗೆ ನಂಬರ್ ಹಾಕಿದರೆ ನಿಂತಲ್ಲೇ ಮಾಡುತ್ತೇನೆ. ಟೈಪ್ ಮಾಡೋಕೆ ಬೇಜಾರಾದರೆ ಗೂಗಲ್‌ನ ಕೀಬೋರ್ಡ್ ಜಿಬೋರ್ಡ್‌ನ ಮೈಕ್ ಒತ್ತಿ ಕನ್ನಡದಲ್ಲೇ ಹೇಳಿ, ಬರೆದುಕೊಳ್ಳುತ್ತದೆ. ‘ಮೈಲುತುತ್ತ’ವನ್ನು ಏನೇನೋ ಮಾಡುತ್ತದೆ, ಆದರೂ ಅರ್ಥ ಆಗುತ್ತದೆ.

ಕೆಲವರು ಬೆಳಿಗ್ಗೆ ಎದ್ದು ಹತ್ತು ಕೆಲಸದ ಪಟ್ಟಿ ಬರೆಯಿರಿ ಅನ್ನುತ್ತಾರೆ. ಬರೆಯಿರಿ, ಬೇಕಾದರೆ ಹಳೇ ಬಿಲ್ಲಿನ ಹಿಂದೆ ಬರೆಯಿರಿ. ಇವತ್ತಿನ ಕೆಲಸ ಫೋನಿಗೆ ಹಾಕಬೇಡಿ. ಹಾಲು ತರೋದಕ್ಕೂ ಬಡಿಯುವ ಫೋನು ಇನ್ಶೂರೆನ್ಸ್‌ಗೆ ಬಡಿದರೆ ಯಾರು ತಿರುಗಿ ನೋಡುತ್ತಾರೆ?

ನಿಮ್ಮ ಮೂರು ವಿಷಯಕ್ಕೆ ಬರುತ್ತೇನೆ. ಕರೆಂಟ್ ಬಿಲ್‌ಗೆ ರಿಮೈಂಡರೇ ಬೇಡ, ಆಟೋಪೇ ಹಾಕಿ ಮರೆತುಬಿಡಿ. ನೀವು ಕೇಳದಿದ್ದರೂ ಹೇಳುತ್ತೇನೆ, ಮನೆ ತೆರಿಗೆಗೆ ಏಪ್ರಿಲ್ 1ಕ್ಕೆ ಹಾಕಿ. ಏಪ್ರಿಲ್ ಒಳಗೆ ಕಟ್ಟಿದರೆ ನೂರಕ್ಕೆ ಐದು ಬಿಡುತ್ತಾರೆ, ಅದನ್ನು ಯಾಕೆ ಕಳೆದುಕೊಳ್ಳಬೇಕು? ಗಾಡಿ ಇನ್ಶೂರೆನ್ಸ್ ಮುಗಿಯೋ ದಿನವನ್ನು ಹಾಕಬೇಡಿ, ಅದಕ್ಕೆ ಮೂರು ವಾರ ಮೊದಲಿನ ದಿನಕ್ಕೆ ‘ಎರಡು ಕಡೆ ರೇಟ್ ಕೇಳು’ ಅಂತ ಹಾಕಿ. ಮುಗಿದು 90 ದಿನ ದಾಟಿದರೆ ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಮಾಡದವರಿಗೆ ಗಾಡಿಯ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ. ಐದು ವರ್ಷ ಕ್ಲೈಮ್ ಮಾಡದೆ ಬಂದವರಿಗೆ ಅದು 50%. ಮುಗಿದ ಮರುದಿನವೇ ಗಾಡಿ ತಾಗಿದರೆ ಮಾತ್ರ 90 ದಿನದ ಮಾತೆಲ್ಲ ಉಪಯೋಗಕ್ಕೆ ಬರೋದಿಲ್ಲ.

ಕೊನೆ ದಿನ ಯಾವತ್ತು ಅಂತಲೇ ಗೊತ್ತಿಲ್ಲದ ಕೆಲಸವೂ ಇರುತ್ತದೆ. ನಮಗೆ ಅಡಿಕೆಯ ಬೆಳೆ ವಿಮೆ ಹಾಗೆ, ಸರ್ಕಾರದ ಆದೇಶ ಬಂದಮೇಲೇ ದಿನ ತಿಳಿಯೋದು. ಅದಕ್ಕೆ ಜೂನ್ 1ಕ್ಕೆ ‘ಸೊಸೈಟಿಯಲ್ಲಿ ವಿಚಾರಿಸು’ ಅಂತ ಇಟ್ಟಿದ್ದೇನೆ. ಆಗಿಲ್ಲ ಅಂದರೆ ಅದನ್ನೇ ಒಂದು ವಾರ ಮುಂದಕ್ಕೆ ಎಳೆಯುತ್ತೇನೆ.

ಅಪ್ಪಯ್ಯನ ಕಣ್ಣು ಈಗ ಚೆನ್ನಾಗಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಗುರುತು ಮತ್ತೆ ಶುರುವಾಗಿದೆ, ನಾನೂ ಬೇಡ ಅನ್ನೋದಿಲ್ಲ. ಕರೆಂಟ್ ಹೋಗಿ ಫೋನು ಸತ್ತಾಗ ಅದೇ ಗತಿ. ಇತ್ತೀಚೆಗೆ ಗೌಡರ ಮಗ ಕಾರ್ಬನ್ ಫೈಬರ್ ದೋಟಿ (ಉದ್ದ ಕೋಲು) ತಂದಿದ್ದಾನೆ, ಮರ ಹತ್ತದೆ ನೆಲದಲ್ಲೇ ನಿಂತು ಹೊಡೆಯುತ್ತಾನೆ. ಅವನಿಗೂ ಹದಿನೈದು ದಿನ ಮೊದಲೇ ಹೇಳಬೇಕು.

ಇನ್ನು ಅಮ್ಮನ ಮಾತ್ರೆ. ದಿನಾ ನುಂಗೋಕೆ ಅಲಾರಂ ಇಟ್ಟರೆ ಅದು ಬಡಿಯುವಾಗ ಅವರು ಹಿತ್ತಲಲ್ಲಿ ಇರುತ್ತಾರೆ. ವಾರದ ಏಳು ಖಾನೆಯ ಡಬ್ಬಿ ತಂದು ಕಾಫಿ ಪುಡಿ ಪಕ್ಕ ಇಡಿ. ಫೋನು ಬೇಕಾಗೋದು ಮಾತ್ರೆ ತರೋಕೆ. ಈಗಲೇ ಎದ್ದು ಎಷ್ಟು ಉಳಿದಿದೆ ಎಣಿಸಿ. ದಿನಕ್ಕೊಂದು ಅಂದರೆ, ಅದರಲ್ಲಿ ಹತ್ತು ಕಳೆದು, ಎಷ್ಟು ಬರುತ್ತದೋ ಅಷ್ಟು ದಿನದ ನಂತರದ ತಾರೀಕಿಗೆ ‘ಅಂಗಡಿಗೆ ಚೀಟಿ ಫೋಟೋ ಕಳಿಸು’ ಅಂತ ಹಾಕಿ. ಹತ್ತು ಯಾಕೆ ಅಂದರೆ, ಅಂಗಡಿಯಲ್ಲಿ ಇಲ್ಲ, ನಾಳಿದ್ದು ಬರುತ್ತದೆ ಅನ್ನೋದು ಒಂದಲ್ಲ ಒಂದು ಸಲ ಇದ್ದದ್ದೇ.