ಓದುಗರ ಪ್ರಶ್ನೆ: ವಿಮಾನದ ಆಟದಲ್ಲಿ ಮಾರ್ಗದ ಬೇಡಿಕೆ

ಪ್ರಶ್ನೆ: ವಿಮಾನ ಕಂಪನಿ ನಡೆಸುವ ಮೊಬೈಲ್ ಆಟವನ್ನು ಈಚೆಗೆ ಆಡತೊಡಗಿದ್ದೇನೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ದಿನದ ಬೇಡಿಕೆ 150 ಎಂದು ಅದು ತೋರಿಸುತ್ತದೆ. 70 ಆಸನಗಳ ಎಟಿಆರ್ 72 ವಿಮಾನವನ್ನು ದಿನಕ್ಕೆ ನಾಲ್ಕು ಸಲ ಬಿಟ್ಟಾಗ ಮೊದಲೆರಡು ತುಂಬಿದವು, ಮೂರನೆಯದಕ್ಕೆ ಹತ್ತೇ ಜನ ಬಂದರು, ನಾಲ್ಕನೆಯದು ಖಾಲಿ ಹಾರಿತು. 180 ಆಸನಗಳ ಏರ್‌ಬಸ್ ಎ320 ಕೊಂಡರೆ ಸರಿಹೋದೀತೇ?
– ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಸರಿಹೋಗುವುದಿಲ್ಲ. ಆ 150 ಎಂಬುದು ಒಂದೊಂದು ವಿಮಾನಕ್ಕೂ ಬೇರೆ ಬೇರೆಯಾಗಿ ಸಿಗುವ ಸಂಖ್ಯೆಯಲ್ಲ; ಆ ಎರಡು ಊರುಗಳ ನಡುವೆ ಆ ದಿನ ಹೊರಡುವ ಒಟ್ಟು ಜನರ ಲೆಕ್ಕ. ಹಗೇವಿನಲ್ಲಿ ಇರುವಷ್ಟೇ ಜೋಳ. ಅಳೆಯುವ ಸೇರು ದೊಡ್ಡದಾದ ಮಾತ್ರಕ್ಕೆ ಕಾಳು ಹೆಚ್ಚುವುದಿಲ್ಲ. ಎ320 ಒಂದೇ ಸಲಕ್ಕೆ 150 ಜನರನ್ನೂ ಒಯ್ದು, 30 ಆಸನ ಖಾಲಿ ಬಿಟ್ಟು, ಉಳಿದ ದಿನವೆಲ್ಲ ಈ ಮಾರ್ಗದಲ್ಲಿ ಕೆಲಸವಿಲ್ಲದೆ ನಿಲ್ಲುತ್ತದೆ. ಆದ್ದರಿಂದ ಎಟಿಆರ್‌ನ ಎರಡು ಹಾರಾಟಗಳನ್ನು ಹಾಗೆಯೇ ಇಟ್ಟುಕೊಂಡು, ಉಳಿದ ಹೊತ್ತಿನಲ್ಲಿ ಅದೇ ವಿಮಾನವನ್ನು ಹೈದರಾಬಾದಿನಂತಹ ಇನ್ನೊಂದು ಊರಿಗೆ ಕಳಿಸಿರಿ.

ಪ್ರಶ್ನೆ: ನನ್ನ ಒಂದು ಮಾರ್ಗದಲ್ಲಿ ದಿನಕ್ಕೆ ಇಕಾನಮಿ ಬೇಡಿಕೆ 120, ಬಿಸಿನೆಸ್ 24. ಒಂದು ಬಿಸಿನೆಸ್ ಆಸನಕ್ಕೆ ಎರಡು ಇಕಾನಮಿ ಆಸನಗಳ ಜಾಗ ಬೇಕು. 72 ಆಸನಗಳ ಜಾಗವನ್ನು ಹೇಗೆ ಹಂಚಲಿ?
– ಗದಗ

ಉತ್ತರ: ಮೊದಲು ದರ ನೋಡಿರಿ. ಬಿಸಿನೆಸ್ ಟಿಕೆಟ್ಟಿನ ದರ ಇಕಾನಮಿಯ ಎರಡರಷ್ಟಕ್ಕಿಂತ ಹೆಚ್ಚಿದ್ದರೆ ಮಾತ್ರ ಇಕಾನಮಿ ಪ್ರಯಾಣಿಕರನ್ನು ಬಿಟ್ಟು ಅದಕ್ಕೆ ಜಾಗ ಕೊಡುವುದು ಲಾಭದಾಯಕ. ಹಾಗಿದ್ದಲ್ಲಿ, ದಿನಕ್ಕೆ ಎರಡು ಹಾರಾಟವೆಂದು ಹಿಡಿದು ಪ್ರತಿಯೊಂದರಲ್ಲೂ 12 ಬಿಸಿನೆಸ್, 48 ಇಕಾನಮಿ ಆಸನ ಇಡಿರಿ. ಬಿಸಿನೆಸ್ ಬೇಡಿಕೆ ಪೂರ್ತಿ ತೀರುತ್ತದೆ. ಇಕಾನಮಿಯಲ್ಲಿ 24 ಜನ ಉಳಿಯುತ್ತಾರೆ. ಅಷ್ಟು ಜನರಿಗಾಗಿ ಮೂರನೆಯ ಹಾರಾಟ ಬೇಡವೆಂದೇ ನನ್ನ ಸಲಹೆ. ಮೂರನೆಯ ಒಂದು ಭಾಗದಷ್ಟೇ ತುಂಬಿದ ವಿಮಾನ ಇಂಧನದ ಖರ್ಚನ್ನು ಹುಟ್ಟಿಸುವುದು ಕಷ್ಟ.

ಪ್ರಶ್ನೆ: ದರ ಇಳಿಸಿದರೆ ಬೇಡಿಕೆ ಹೆಚ್ಚುವುದೇ?
– ಹಾವೇರಿ

ಉತ್ತರ: ನಿಜ ಜೀವನದಲ್ಲಿ ಹೆಚ್ಚುತ್ತದೆ. ರಾತ್ರಿ ಬಸ್ಸಿನಲ್ಲೋ, 2023ರ ಜೂನ್‌ನಲ್ಲಿ ಆರಂಭವಾದ ಧಾರವಾಡ–ಬೆಂಗಳೂರು ವಂದೇ ಭಾರತ್ ರೈಲಿನಲ್ಲೋ ಹೋಗುವವರು ದರ ಇಳಿದಾಗ ವಿಮಾನದತ್ತ ಬಂದಾರು. ಆದರೆ ದಿನದ ಬೇಡಿಕೆಯನ್ನು ಮೊದಲೇ ನಿಗದಿ ಮಾಡಿರುವ ಆಟದಲ್ಲಿ, ಈಗಾಗಲೇ ತುಂಬಿ ಹಾರುತ್ತಿರುವ ಮಾರ್ಗದ ದರ ಇಳಿಸಿದರೆ ನಿಮ್ಮ ಆದಾಯ ಕುಗ್ಗುವುದೇ ಹೊರತು ಒಬ್ಬ ಪ್ರಯಾಣಿಕನೂ ಹೆಚ್ಚುವುದಿಲ್ಲ.