ಹಾಕಿ ಆಟದ ಶಿನ್ ಗಾರ್ಡನ್ನು 3ಡಿ ಪ್ರಿಂಟರ್‌ನಲ್ಲಿ ಮಾಡಿ ಮಾರಬಹುದಾ? ಯಾವ ಪ್ರಿಂಟರ್ ಕೊಳ್ಳಲಿ?

ಊರಿನ ಶಾಲಾ ಮಕ್ಕಳಿಗೆ ಅಗ್ಗದ ಶಿನ್ ಗಾರ್ಡ್ (ಮೊಣಕಾಲಿನ ಕೆಳಗಿನ ಮೂಳೆ ಕಾಯುವ ಕವಚ) ಮಾಡಬೇಕು, 40,000 ರೂಪಾಯಿಯೊಳಗೆ ಯಾವ ಪ್ರಿಂಟರ್, ಪಿಎಲ್‌ಎ (3ಡಿ ಪ್ರಿಂಟರ್‌ಗೆ ಹಾಕುವ ಸಾಮಾನ್ಯ ಪ್ಲಾಸ್ಟಿಕ್) ಸಾಕಾ ಅಂತ ಕೇಳಿದ್ದೀರಿ. ನಾನೂ ಇದೇ ಪ್ರಶ್ನೆಯಿಂದ ಶುರು ಮಾಡಿದವನು. ನನ್ನದು ಶಿನ್ ಗಾರ್ಡ್ ಅಲ್ಲ, ಹಾಕಿಯವರು ಎಡಗೈಗೆ ಹಾಕುವ ಗ್ಲೌಸ್.

ಆಗ ಬೆಂಗಳೂರಿನ ಶಾಂತಿನಗರದ ಟರ್ಫ್, ಅಂದರೆ ಕೃತಕ ಹುಲ್ಲಿನ ಮೈದಾನದಲ್ಲಿ ಆಡುತ್ತಿದ್ದೆ. ಬಾಲ್ ತಡೆಯಲು ಸ್ಟಿಕ್ಕನ್ನು ಪೂರ್ತಿ ನೆಲಕ್ಕೆ ಮಲಗಿಸುತ್ತೇವೆ ಅಲ್ವಾ, ಆಗ ಎಡಗೈ ಗೆಣ್ಣುಗಳು ಟರ್ಫ್‌ಗೆ ಉಜ್ಜಿ ಚರ್ಮ ಕಿತ್ತು ಬರುತ್ತದೆ. ಅದರ ಜೊತೆಗೆ ಏಟಿನ ಭಯ. ಹಾಕಿ ಬಾಲ್ 156ರಿಂದ 163 ಗ್ರಾಂ ತೂಗುತ್ತದೆ, ಕಲ್ಲಿನಷ್ಟು ಗಟ್ಟಿ. ಅಂಗಡಿಯಲ್ಲಿ ಸಿಗುವ ಗ್ಲೌಸ್‌ಗಳಲ್ಲಿ ರಕ್ಷಣೆ ಜಾಸ್ತಿ ಇದ್ದವು ದಪ್ಪ, ಅವುಗಳಲ್ಲಿ ಸ್ಟಿಕ್ ಹಿಡಿತ ಸಿಗುತ್ತಿರಲಿಲ್ಲ. ಗೆಣ್ಣಿನ ಮೇಲೆ ಮಾತ್ರ ಕೂರುವ ಒಂದು ಕವಚ ಮಾಡಿ, ಅದನ್ನು ಬಟ್ಟೆಯ ಗ್ಲೌಸ್‌ಗೆ ಹೊಲಿದರೆ ಹೇಗೆ ಅನ್ನಿಸಿತು.

ಟಿಪಿಯು ಅಂದರೆ ರಬ್ಬರಿನಂತೆ ಬಾಗುವ ಪ್ಲಾಸ್ಟಿಕ್. ಅದರಲ್ಲಿ ಪ್ರಿಂಟ್ ಮಾಡಿದೆ. ಶನಿವಾರ ಆಡಿದವರು ತೋರುಬೆರಳಿನ ಹತ್ತಿರ ಚುಚ್ಚುತ್ತದೆ ಅಂದರೆ ರಾತ್ರಿ ಕೂತು ತಿದ್ದಿ, ಭಾನುವಾರ ಬೆಳಿಗ್ಗೆ ಹೊಸದನ್ನು ಕೈಗೆ ಕೊಡುತ್ತಿದ್ದೆ. 3ಡಿ ಪ್ರಿಂಟಿಂಗ್‌ನ ನಿಜವಾದ ಶಕ್ತಿ ಇದೇ. ಆಟಗಾರನಿಗೆ ಬಾಯಲ್ಲಿ ವಿವರಿಸಲು ಆಗದ್ದನ್ನು ಅವನ ಕೈ ಹೇಳುತ್ತದೆ, ನೀವು ಅದನ್ನು ಮರುದಿನವೇ ಸರಿ ಮಾಡಬಹುದು. ಕೆಲವು ತಿಂಗಳಲ್ಲಿ ಕವಚ ಎಷ್ಟು ಚೆನ್ನಾಗಿ ಬಂತೆಂದರೆ, ಪ್ರಯೋಗಕ್ಕೆ ಕೊಟ್ಟಿದ್ದನ್ನು ಯಾರೂ ವಾಪಸ್ ಕೊಡಲಿಲ್ಲ. ಇನ್ನು ಮೋಲ್ಡ್, ಅಂದರೆ ಲೋಹದ ಅಚ್ಚು ಮಾಡಿಸಿ ಸಾವಿರಗಟ್ಟಲೆ ತೆಗೆಯೋಣ ಅಂತ ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ಹೋದೆ. ನನ್ನ ದುಡ್ಡು ಹೋಗಿದ್ದು ಅಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಹಾರಿಸಿ ಓದಬೇಡಿ.

ಕಂಪ್ಯೂಟರ್‌ನಲ್ಲಿ ನಾವು ಬಿಡಿಸುವುದು ಹೊರಗಿನ ಆಕಾರ ಮಾತ್ರ. ಒಳಗೆ ಏನು ತುಂಬಬೇಕು ಅನ್ನುವುದನ್ನು ಆ ಆಕಾರವನ್ನು ಪ್ರಿಂಟರ್‌ಗಾಗಿ ಪದರ ಪದರವಾಗಿ ಕತ್ತರಿಸುವ ಸ್ಲೈಸರ್ ಸಾಫ್ಟ್‌ವೇರ್‌ನಲ್ಲಿ ಆರಿಸುತ್ತೇವೆ. ನಾನು ಅಲ್ಲಿ ಜೈರಾಯ್ಡ್ ಇನ್‌ಫಿಲ್, 18 ಪರ್ಸೆಂಟ್ ಅಂತ ಹಾಕಿದ್ದೆ. ಅಂದರೆ 8 ಮಿ.ಮೀ. ದಪ್ಪದ ಕವಚದ ಒಳಗೆ ಅಲೆ ಅಲೆಯಾದ ಜಾಲರಿ, ಉಳಿದದ್ದೆಲ್ಲ ಗಾಳಿ. ಬಾಲ್ ಬಡಿದಾಗ ಆ ಜಾಲರಿ ಎಲ್ಲ ದಿಕ್ಕಿಗೂ ಬಾಗಿ ಏಟನ್ನು ಅಗಲಕ್ಕೆ ಹಂಚುತ್ತಿತ್ತು. ಹುಡುಗರು ಮೆಚ್ಚಿದ ಹಗುರ, ಮೆತ್ತನೆ ಎಲ್ಲ ಬಂದಿದ್ದು ಆ ಜಾಲರಿಯಿಂದ. ಆದರೆ ಮೋಲ್ಡ್ ಮಾಡುವ ಟೂಲ್ ರೂಮ್‌ಗೆ ಕೊಟ್ಟ ನನ್ನ ಫೈಲ್‌ನಲ್ಲಿ ಅದು ಇರಲೇ ಇಲ್ಲ! ನಾನು ಅದನ್ನು ಒಂದು ಸೆಟ್ಟಿಂಗ್ ಅಂದುಕೊಂಡಿದ್ದೆ, ಡಿಸೈನ್ ಅಂತ ಯಾವತ್ತೂ ಎಣಿಸಿರಲಿಲ್ಲ.

ಫೈಲ್‌ನಲ್ಲಿ ಇದ್ದಿದ್ದರೂ ಪ್ರಯೋಜನ ಇರಲಿಲ್ಲ ಅನ್ನಿ. ಮೋಲ್ಡ್ ಅಂದರೆ ಕರಗಿದ ಪ್ಲಾಸ್ಟಿಕ್ ಒಳಗೆ ನುಗ್ಗಿ ತಣ್ಣಗಾಗಬೇಕು, ಆಮೇಲೆ ಲೋಹದ ಎರಡು ಭಾಗ ತೆರೆದು ವಸ್ತು ಹೊರಗೆ ಬೀಳಬೇಕು. ನಾಲ್ಕೂ ಕಡೆ ಮುಚ್ಚಿದ ಗೋಡೆಯೊಳಗೆ ಜಾಲರಿ ಮಾಡಲು ದಾರಿಯೇ ಇಲ್ಲ. ಸುಮ್ನೆ ಗಟ್ಟಿಯಾಗಿ 8 ಮಿ.ಮೀ. ತುಂಬಿಸಿದರೆ ಒಳಭಾಗ ನಿಧಾನಕ್ಕೆ ತಣ್ಣಗಾಗಿ ಕುಗ್ಗುತ್ತದೆ, ಮೇಲ್ಮೈ ಗುಳಿ ಬೀಳುತ್ತದೆ. ಅದಕ್ಕೇ ಮೋಲ್ಡ್‌ನವರು ಸಾಮಾನ್ಯವಾಗಿ ಗೋಡೆಯನ್ನು 2ರಿಂದ 4 ಮಿ.ಮೀ. ಇಡುತ್ತಾರೆ, ವಸ್ತು ಸಲೀಸಾಗಿ ಬಿಟ್ಟುಕೊಳ್ಳಲಿ ಅಂತ ಒಂದೆರಡು ಡಿಗ್ರಿ ಓರೆ ಕೊಡುತ್ತಾರೆ. ಟೂಲ್ ರೂಮ್‌ನವರು ಹಿಂದಿನಿಂದ ಟೊಳ್ಳು ಮಾಡಿ, ಬಲಕ್ಕೆ ಅಡ್ಡಪಟ್ಟಿ ಕೊಡೋಣ ಅಂದರು. ಅವರ ಕೆಲಸದ ದೃಷ್ಟಿಯಿಂದ ಅದು ಸರಿಯೇ. ನಾನು ಹೂಂ ಅಂದೆ. ಮೂರೂವರೆ ಲಕ್ಷ ಕೊಟ್ಟೆ.

ಬಂದ ಕವಚ ನೋಡಲು ಹಾಗೇ ಇತ್ತು. ಆದರೆ ಅಡ್ಡಪಟ್ಟಿಗಳ ಅಂಚು ನೇರ ಗೆಣ್ಣಿನ ಮೇಲೆ ಕೂರುತ್ತಿತ್ತು, ಬಾಲ್ ಬಡಿದರೆ ಏಟೆಲ್ಲ ಆ ಗೆರೆಗಳಲ್ಲೇ ಇಳಿಯುತ್ತಿತ್ತು. ಪ್ರಿಂಟ್ ಮಾಡಿದ್ದನ್ನು ವಾಪಸ್ ಕೊಡದ ಅದೇ ಹುಡುಗರು ಇದನ್ನು ಅರ್ಧ ಗಂಟೆಯಲ್ಲಿ ಕಳಚಿಟ್ಟರು. ನಾನು ತಿಂಗಳುಗಟ್ಟಲೆ ಪರೀಕ್ಷೆ ಮಾಡಿದ್ದೇ ಒಂದು ವಸ್ತು, ದುಡ್ಡು ಕೊಟ್ಟು ಮಾಡಿಸಿದ್ದೇ ಇನ್ನೊಂದು. ಮೊದಲ ದಿನದಿಂದಲೇ 3 ಮಿ.ಮೀ. ಚಿಪ್ಪನ್ನು ಮಾತ್ರ ಪ್ರಿಂಟ್ ಮಾಡಿ, ಒಳಗೆ ಇವಿಎ ಫೋಮ್ (ಚಪ್ಪಲಿಗೆ ಬಳಸುವ ಮೆತ್ತನೆ ಹಾಳೆ) ಅಂಟಿಸಿ ಆಡಿಸಿದ್ದರೆ ಆ ಮೋಲ್ಡ್ ಇವತ್ತಿಗೂ ಓಡುತ್ತಿತ್ತು.

ಹಾಗಾದರೆ ಪ್ರಿಂಟ್ ಮಾಡಿದ್ದನ್ನೇ ಮಾರಬಾರದಾ? ಮಾರಬಹುದು, ಆ ವಸ್ತು ಪ್ರಿಂಟ್ ಇಲ್ಲದೆ ಸಾಧ್ಯವೇ ಇಲ್ಲ ಅನ್ನುವಂತಿದ್ದರೆ. ಅಮೆರಿಕನ್ ಫುಟ್‌ಬಾಲ್ ಹೆಲ್ಮೆಟ್ ಮಾಡುವ ರಿಡೆಲ್ 2019ರಲ್ಲಿ ಕಾರ್ಬನ್ ಎಂಬ 3ಡಿ ಪ್ರಿಂಟಿಂಗ್ ಕಂಪನಿಯ ಜೊತೆ ಸೇರಿ, ಆಟಗಾರನ ತಲೆ ಸ್ಕ್ಯಾನ್ ಮಾಡಿ ಅದಕ್ಕೆ ತಕ್ಕ ಜಾಲರಿ ಪ್ಯಾಡ್ ಪ್ರಿಂಟ್ ಮಾಡಿ ಕೂರಿಸಿತು. 2022ರಲ್ಲಿ ಇಟಲಿಯ ಫಿಲಿಪ್ಪೊ ಗನ್ನಾ ಒಂದು ಗಂಟೆಯಲ್ಲಿ 56.792 ಕಿ.ಮೀ. ತುಳಿದು ದಾಖಲೆ ಮಾಡಿದರಲ್ಲ, ಆ ಪಿನಾರೆಲ್ಲೋ ಸೈಕಲ್‌ನ ಫ್ರೇಮ್ ಲೋಹದ ಪುಡಿಯಿಂದ ಪ್ರಿಂಟ್ ಆದದ್ದು. ನನಗೆ ತುಂಬಾ ಹಿಡಿಸಿದ್ದು ಏರಿಯಲ್ ರೌಸಿನ್ ಕೆಲಸ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಈ ವೀಲ್‌ಚೇರ್ ರೇಸರ್ ತಮ್ಮ ರೇಸಿಂಗ್ ಗ್ಲೌಸ್ ಸ್ಕ್ಯಾನ್ ಮಾಡಿ ಪ್ರಿಂಟ್ ಮಾಡಿದರು, ಮುಂದೆ ಬೇರೆ ರೇಸರ್‌ಗಳಿಗೂ ಮಾಡಿಕೊಟ್ಟರು. ಒಬ್ಬೊಬ್ಬರ ಕೈ ಒಂದೊಂದು ತರಹ, ಬೇಕಾಗಿರುವವರು ಕಡಿಮೆ. ಇಂಥಲ್ಲಿ ಪ್ರಿಂಟರ್ ಸರಿ. ಅದೇ ವಿಲ್ಸನ್ ಕಂಪನಿಯ ಗಾಳಿಯಿಲ್ಲದ ಬ್ಯಾಸ್ಕೆಟ್‌ಬಾಲ್ ನೋಡಿ, 2024ರಲ್ಲಿ ಮಾರಾಟಕ್ಕೆ ಬಂದಾಗ ಒಂದಕ್ಕೆ 2,500 ಡಾಲರ್!

ನಿಮ್ಮದು ಅಗ್ಗದ್ದು, ನೂರಾರು ಮಕ್ಕಳಿಗೆ, ಎರಡು ಮೂರು ಸೈಜ್. ಇದಕ್ಕೆ ಪ್ರಿಂಟರ್ ಬೇಡವೇ ಬೇಡ. ಒಂದೊಂದು ಗಾರ್ಡ್‌ಗೂ ಗಂಟೆಗಟ್ಟಲೆ ಹಿಡಿಯುತ್ತದೆ, ಅಂಗಡಿಯ ಬೆಲೆಗೆ ಮಾರಲು ಆಗುವುದಿಲ್ಲ. ಪಿಎಲ್‌ಎ ಅಂತೂ ಖಂಡಿತ ಬೇಡ. ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ, ಬಿಸಿಲಲ್ಲಿ ನಿಂತ ಕಾರಿನಲ್ಲಿಟ್ಟರೆ ಸೊಟ್ಟಗಾಗುತ್ತದೆ. ಏಟಿಗೆ ಚೂಪಾಗಿ ಸೀಳುತ್ತದೆ. ಗಾರ್ಡನ್ನು ನಿಲ್ಲಿಸಿ ಪ್ರಿಂಟ್ ಮಾಡಿದರಂತೂ ಪದರಗಳ ನಡುವೆಯೇ ಬಿರುಕು ಬರುತ್ತದೆ. ಆ ಚೂರು ಮಗುವಿನ ಕಾಲಿಗೆ ತಾಗಿದರೆ ಯಾರು ಹೊಣೆ? ಹಾಕಿ ಶಿನ್ ಗಾರ್ಡ್‌ಗೆ ಯುರೋಪಿನಲ್ಲಿ ಇಎನ್ 13546 ಅಂತ ಮಾನದಂಡವೇ ಇದೆ. ಅಂಥ ಒಂದು ಪರೀಕ್ಷೆಯನ್ನೂ ದಾಟಿಸದೆ ಮಕ್ಕಳಿಗೆ ಮಾರಬೇಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಹತ್ತಿರದ ದೊಡ್ಡ ಊರಿನಲ್ಲಿ ಕಾಲಿಗೆ ಸ್ಪ್ಲಿಂಟ್, ಕ್ಯಾಲಿಪರ್ ಮಾಡುವ ಆರ್ಥೋಟಿಕ್ ವರ್ಕ್‌ಶಾಪ್ ಹುಡುಕಿ. ಅವರು ಪ್ಲಾಸ್ಟರ್ ಅಚ್ಚಿನ ಮೇಲೆ ಬಿಸಿ ಪಾಲಿಪ್ರೊಪಿಲೀನ್ ಶೀಟ್ ಹೊದಿಸಿ ಆಕಾರ ತೆಗೆಯುತ್ತಾರೆ. ನಿಮಗೆ ಬೇಕಾದ ಚಿಪ್ಪು ಅದೇ ತರಹದ್ದು. ಗಾರ್ಡಿನ ಆಕಾರವನ್ನು ಹೊರಗಿನ ಪ್ರಿಂಟಿಂಗ್ ಸರ್ವಿಸ್‌ನಲ್ಲಿ ಪ್ರಿಂಟ್ ಮಾಡಿಸಿ, ಅದರಿಂದ ಪ್ಲಾಸ್ಟರ್ ಅಚ್ಚು ತೆಗೆಯಿರಿ. ಪ್ರಿಂಟಿನ ಮೇಲೆ ನೇರ ಬಿಸಿ ಶೀಟ್ ಹಾಕಬೇಡಿ, ಅದು ಬಾಗುತ್ತದೆ. ಒಳಗೆ ಹಾಕುವ ಇವಿಎ ಚಪ್ಪಲಿ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಮೊದಲು ದೊಡ್ಡ ಆಟಗಾರರ ಕಾಲಿಗೆ ಕಟ್ಟಿ ಪ್ರಾಕ್ಟೀಸ್‌ನಲ್ಲಿ ಆಡಿಸಿ, ಎಲ್ಲಿ ಉಜ್ಜುತ್ತದೆ ನೋಡಿ, ಆಕಾರ ತಿದ್ದಿ ಮತ್ತೆ ಪ್ರಿಂಟ್ ಮಾಡಿಸಿ. ಆ 40,000ದಲ್ಲಿ ಅರ್ಧದಷ್ಟನ್ನಾದರೂ ಏಟಿನ ಪರೀಕ್ಷೆಗೆ ಅಂತ ಮುಟ್ಟದೆ ಇಟ್ಟುಕೊಳ್ಳಿ.